ಬಾಡಿಗೆಯ ಸರ್ವರ್, ಸ್ವಂತದ ಕೋಡ್

(ಸಾಗರದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ನಿಮ್ಮ ಸಹಕಾರ ಸಂಘದ ಸಾಫ್ಟ್‌ವೇರ್ ಯಾರದು ಎಂದು ಕಾರ್ಯದರ್ಶಿಗಳನ್ನು ಕೇಳಿ ನೋಡಿ. ‘ನಮ್ಮದೇ, ದುಡ್ಡು ಕೊಟ್ಟು ಮಾಡಿಸಿದ್ದೇವಲ್ಲ’ ಎನ್ನುತ್ತಾರೆ. ಅಲ್ಲಿಗೆ ಬಿಡದೆ ಇನ್ನೂ ನಾಲ್ಕು ಮಾತು ಕೇಳಿ. ಕೋಡಿನ ಪ್ರತಿ ನಿಮ್ಮ ಕೈಯಲ್ಲಿದೆಯೇ? ವೆಬ್‌ಸೈಟಿನ ಡೊಮೇನ್ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ? ಕ್ಲೌಡ್ ಖಾತೆಗೆ ಲಾಗಿನ್ ಆಗುವಾಗ ಓಟಿಪಿ ಯಾರ ಮೊಬೈಲಿಗೆ ಬರುತ್ತದೆ? ಬ್ಯಾಕಪ್ ಇದೆ ಎನ್ನುತ್ತೀರಿ, ಅದನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ ಯಾರಾದರೂ ತೆರೆದು ನೋಡಿದ್ದಾರೆಯೇ? ನಾನು ಕಂಡ ಹೆಚ್ಚಿನ ಕಡೆ ಮೊದಲ ಪ್ರಶ್ನೆಗೇ ‘ಆ ಹುಡುಗನ್ನ ಕೇಳಬೇಕು’ ಎಂಬ ಉತ್ತರ ಬಂತು. ಆ ಹುಡುಗ ಸಾಫ್ಟ್‌ವೇರ್ ಮಾಡಿಕೊಟ್ಟವನು. ಒಳ್ಳೆಯವನು, ಕರೆದಾಗ ಬರುತ್ತಿದ್ದವನು. ಈಗ ಬೆಂಗಳೂರಿನಲ್ಲೋ ಕೆನಡಾದಲ್ಲೋ ಇದ್ದಾನೆ.

ಸರ್ವರ್ ನೋಡಿಕೊಳ್ಳುವುದು ನನ್ನ ಕಸುಬು. ಕ್ಲೌಡ್ ಬೇಡ ಎಂದು ಹೇಳಲು ನಾನು ಬಂದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ನಮ್ಮ ಮೂರು ತಾಲ್ಲೂಕುಗಳ ಸಂಘ, ಪ್ರಕಾಶನ, ಶಾಲೆ, ರಂಗತಂಡಗಳು ಕ್ಲೌಡ್ ಬಳಸಲೇಬೇಕು. ಯಂತ್ರವನ್ನು ಬಾಡಿಗೆಗೆ ಪಡೆಯೋಣ, ಕೋಡು, ಮಾಹಿತಿ, ಡೊಮೇನ್, ಕೀಲಿ ಈ ನಾಲ್ಕನ್ನೂ ಸಂಸ್ಥೆಯ ಹೆಸರಿನಲ್ಲೇ ಇಟ್ಟುಕೊಳ್ಳೋಣ, ಎದ್ದು ಹೋಗಬೇಕಾಗಿ ಬಂದರೆ ಎದ್ದು ಹೋಗುವ ದಾರಿಯನ್ನು ಬರುವ ದಿನವೇ ನೋಡಿಟ್ಟುಕೊಳ್ಳೋಣ. ನನ್ನ ವಾದ ಇಷ್ಟೇ.

ಒಂದು ಅಡಿಕೆ ಸಂಘವನ್ನು ಕಣ್ಣ ಮುಂದೆ ತಂದುಕೊಳ್ಳಿ. ಸದಸ್ಯರು ಮೂಟೆ ತರುತ್ತಾರೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ವಿಂಗಡಣೆಯಾಗುತ್ತದೆ. ಚೀಲದ ಲೆಕ್ಕ, ತೂಕ, ಲಾಟ್ ನಂಬರು ಹತ್ತುತ್ತದೆ. ಟೆಂಡರಿನಲ್ಲಿ ಬಂದ ದರ ಬೀಳುತ್ತದೆ. ಮೊದಲೇ ಪಡೆದ ಮುಂಗಡ, ಅದರ ಬಡ್ಡಿ, ಸಂಘದ ಕಮಿಷನ್ ಕಳೆದು ಪಟ್ಟಿ ಬರುತ್ತದೆ, ಸದಸ್ಯರ ಮೊಬೈಲಿಗೆ ಸಂದೇಶ ಹೋಗುತ್ತದೆ. ಹಿಂದೆ ಇದೆಲ್ಲ ಕೆಂಪು ಬಟ್ಟೆಯ ರಟ್ಟಿನ ಲೆಡ್ಜರಿನಲ್ಲಿತ್ತು. ಲೆಡ್ಜರು ಸಂಘದ ಬೀರುವಿನಲ್ಲಿತ್ತು, ಬೀರುವಿನ ಕೀಲಿ ಕಾರ್ಯದರ್ಶಿಯ ಬಳಿ ಇತ್ತು. ಗುಮಾಸ್ತ ಕೆಲಸ ಬಿಟ್ಟರೂ ಪುಸ್ತಕ ಅಲ್ಲೇ ಉಳಿಯುತ್ತಿತ್ತು, ಮುಂದಿನ ಗುಮಾಸ್ತ ಅದೇ ಪುಟದಿಂದ ಬರೆಯುತ್ತಿದ್ದ. ಈಗ ಅದೇ ಲೆಕ್ಕ ಮುಂಬೈಯಲ್ಲೋ ಹೈದರಾಬಾದಿನಲ್ಲೋ ಇರುವ ಯಾವುದೋ ಡಿಸ್ಕಿನಲ್ಲಿದೆ. ಮುಂಗಡದ ಬಡ್ಡಿಯನ್ನು ಯಾವ ದಿನದಿಂದ ಎಣಿಸಬೇಕು, ಚೀಲದ ತೂಕ ಎಷ್ಟು ಕಳೆಯಬೇಕು ಎಂದು ಆಡಳಿತ ಮಂಡಳಿ ಕೂತು ಮಾಡಿದ ತೀರ್ಮಾನಗಳು ಕೋಡಿನ ಸಾಲುಗಳಾಗಿ ಕೂತಿವೆ. ಕೋಡ್ ಕಳೆದುಹೋದರೆ ಸಂಘ ಹೇಗೆ ಲೆಕ್ಕ ಹಾಕುತ್ತಿತ್ತು ಎಂಬ ತಿಳಿವಳಿಕೆಯೂ ಜೊತೆಗೇ ಹೋಗುತ್ತದೆ. ಮಾಹಿತಿ ಉಳಿದು ಕೋಡ್ ಹೋದ ಒಂದು ಸಂಸ್ಥೆಯಲ್ಲಿ, ಹಳೆಯ ಬಾಕಿ ಹೇಗೆ ಬಂತು ಎಂದು ಸದಸ್ಯರಿಗೆ ವಿವರಿಸಲಾಗದೆ ಸಿಬ್ಬಂದಿ ತಿಂಗಳುಗಟ್ಟಲೆ ಪರದಾಡಿದ್ದನ್ನು ಹತ್ತಿರದಿಂದ ನೋಡಿದ್ದೇನೆ.

ಈ ನೆಲದಲ್ಲಿ ನಿಂತು ಬಾಡಿಗೆ, ಒಡೆತನ ಎಂಬ ಮಾತೆತ್ತಿದ ಮೇಲೆ ಕಾಗೋಡನ್ನು ನೆನೆಯದೆ ಮುಂದೆ ಹೋಗಲಾರೆ. ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಎಚ್. ಗಣಪತಿಯಪ್ಪ ರೈತರನ್ನು ಸಂಘಟಿಸಿದರು, ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು ಹೆಗಲು ಕೊಟ್ಟರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅದು ಆಮೇಲೆ ದೊಡ್ಡ ಭೂಹೋರಾಟವಾಯಿತು. ಆದರೆ ಮೊದಲ ಕಿಡಿ ಹೊತ್ತಿದ್ದು ಕೊಳಗದ ಮೇಲೆ. ಗೇಣಿಯ ಭತ್ತವನ್ನು ಒಡೆಯರು ತಮ್ಮದೇ ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಿದ್ದರು. ಅಳತೆಯ ಪಾತ್ರೆ ಯಾರ ಕೈಯಲ್ಲಿದೆ ಎಂಬುದನ್ನು ಕಾಗೋಡಿನ ರೈತರು ಪ್ರಶ್ನಿಸಿದರು. ಮುಂದೆ 1974ರ ಮಾರ್ಚ್ 1ರಿಂದ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ ಜಾರಿಗೆ ಬಂತು. ಜನ ನಮೂನೆ 7ರಲ್ಲಿ ಡಿಕ್ಲರೇಷನ್ ಕೊಟ್ಟು ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಅಲ್ಲಿ ಪಹಣಿಯಲ್ಲಿ ಹೆಸರಿದ್ದವನ, ಗೇಣಿ ಚೀಟಿ ಜೋಪಾನ ಮಾಡಿದ್ದವನ ದಾರಿ ಸುಲಭವಾಯಿತು. ತಲೆತಲಾಂತರ ಉತ್ತಿದ್ದರೂ ಕಾಗದವಿಲ್ಲದವನು ಸಾಕ್ಷಿಗಳನ್ನು ಹುಡುಕಿ ಅಲೆದ. ಆ ಜನ ಪಟ್ಟ ಪಾಡಿನ ಪಕ್ಕದಲ್ಲಿ ಸರ್ವರ್ ಬಾಡಿಗೆಯನ್ನು ಇಟ್ಟು ತೂಗುವ ಧೈರ್ಯ ನನಗಿಲ್ಲ. ಹೊಟ್ಟೆಪಾಡಿನ ಹೋರಾಟ ಬೇರೆ, ಇದು ಬೇರೆ. ಅಳತೆ ಯಾರದು, ಕಾಗದ ಎಲ್ಲಿದೆ ಎಂಬ ಎರಡು ಪ್ರಶ್ನೆಗಳನ್ನು ಮಾತ್ರ ಅವರಿಂದ ಕಲಿತುಕೊಳ್ಳುತ್ತೇನೆ.

ಮೊದಲು ಕಾಗದ. ದುಡ್ಡು ಕೊಟ್ಟು ಮಾಡಿಸಿದ ಮಾತ್ರಕ್ಕೆ ಸಾಫ್ಟ್‌ವೇರ್ ನಮ್ಮದಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ಆದ ತಿದ್ದುಪಡಿಯಿಂದ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯಕೃತಿಯ ಸಾಲಿಗೆ ಸೇರಿಸಿದ್ದಾರೆ. ಕಥೆ ಬರೆದವನು ಹೇಗೆ ಅದರ ಮೊದಲ ಒಡೆಯನೋ ಕೋಡ್ ಬರೆದವನೂ ಹಾಗೆಯೇ. ಸಂಬಳಕ್ಕಿರುವ ನೌಕರ ಕೆಲಸದ ಭಾಗವಾಗಿ ಬರೆದರೆ ಒಡೆತನ ಸಂಸ್ಥೆಗೆ ಬರುತ್ತದೆ, ಅದು 17ನೇ ಸೆಕ್ಷನ್. ಗುತ್ತಿಗೆಗೆ ಹೊರಗಿನವರಿಂದ ಬರೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಒಡೆತನ ಬರೆದವರಲ್ಲೇ ಉಳಿಯುತ್ತದೆ. ನಮಗೆ ಸಿಗುವುದು ಬಳಸುವ ಅನುಮತಿ ಅಷ್ಟೆ. ಒಡೆತನ ವರ್ಗಾವಣೆಯಾಗಬೇಕಾದರೆ 19ನೇ ಸೆಕ್ಷನ್ ಪ್ರಕಾರ ಬರಹದಲ್ಲಿ ಇರಬೇಕು, ಸಹಿ ಇರಬೇಕು. ಆ ಬರಹದಲ್ಲಿ ಅವಧಿ ಹೇಳದಿದ್ದರೆ 5 ವರ್ಷ ಎಂದೇ ಕಾಯ್ದೆ ಎಣಿಸುತ್ತದೆ. ಫೋನಿನಲ್ಲಿ ಆಡಿದ ಮಾತು, ಕೊಟೇಶನ್ನಿನ ಕೆಳಗೆ ಗೀಚಿದ ‘ಸೋರ್ಸ್ ಕೋಡ್ ಸಹಿತ’ ಎಂಬ ಎರಡು ಪದ ಸಾಲುವುದಿಲ್ಲ. ಸಂಘಕ್ಕೆ ನಿವೇಶನ ಕೊಳ್ಳುವಾಗ ಕ್ರಯಪತ್ರ, ಋಣಭಾರ ಪತ್ರ, ಖಾತೆ ಎಲ್ಲ ನೋಡಿ ಮುಂದೆ ಹೋಗುವ ಇದೇ ಆಡಳಿತ ಮಂಡಳಿಗಳು ಲಕ್ಷಗಟ್ಟಲೆ ಖರ್ಚಿನ ಸಾಫ್ಟ್‌ವೇರಿಗೆ ಒಂದು ಹಾಳೆಯ ಕರಾರನ್ನೂ ಮಾಡಿಕೊಂಡಿರುವುದಿಲ್ಲ.

ಡೆವಲಪರನ ಕಡೆಯಿಂದಲೂ ಒಂದು ಮಾತು ಹೇಳಬೇಕು. ಅವನು ಹತ್ತು ಸಂಘಗಳಿಗೆ ಕೆಲಸ ಮಾಡುವವನು. ಲಾಗಿನ್, ವರದಿ, ಮುದ್ರಣದಂಥ ಸಾಮಾನ್ಯ ಭಾಗಗಳನ್ನು ಒಮ್ಮೆ ಬರೆದು ಎಲ್ಲ ಕಡೆ ಬಳಸುತ್ತಾನೆ. ಅದನ್ನೂ ಬರೆದುಕೊಡು ಎಂದರೆ ಅವನ ಅನ್ನ ಕಿತ್ತುಕೊಂಡಂತೆ. ಅವನ ಸಾಮಾನ್ಯ ಭಾಗ ಅವನದೇ ಇರಲಿ, ಸಂಘಕ್ಕೆ ಅದನ್ನು ಶಾಶ್ವತವಾಗಿ ಬಳಸುವ, ತಿದ್ದುವ, ಬೇರೆಯವರಿಂದ ತಿದ್ದಿಸುವ, ಎಲ್ಲಿ ಬೇಕಾದರೂ ನಡೆಸುವ ಅನುಮತಿ ಬರಹದಲ್ಲಿ ಸಿಗಲಿ. ಸಂಘಕ್ಕೆಂದೇ ಬರೆದ ಭಾಗದ ಒಡೆತನ ಸಂಘಕ್ಕೆ ಬರಲಿ. ಹೀಗೆ ಮಾಡಿಕೊಂಡ ಕಡೆ ಜಗಳವಾಗಿದ್ದನ್ನು ನಾನು ಕಂಡಿಲ್ಲ. ಓಪನ್ ಸೋರ್ಸ್ ಸಾಫ್ಟ್‌ವೇರನ್ನು ಆಧಾರವಾಗಿ ಇಟ್ಟುಕೊಂಡರೆ ಈ ತೊಡಕಿನ ಅರ್ಧ ಭಾಗ ಹುಟ್ಟುವುದೇ ಇಲ್ಲ. ನಮ್ಮ ದೇಶದಲ್ಲೇ ಬೆಳೆದ, ಲೆಕ್ಕಪತ್ರ ನೋಡಿಕೊಳ್ಳುವ ಇಆರ್‌ಪಿನೆಕ್ಸ್ಟ್ ಅದಕ್ಕೊಂದು ಉದಾಹರಣೆ. ಅದನ್ನು ರೂಪಿಸಿದ ಕಂಪನಿಯ ಕ್ಲೌಡಿನಲ್ಲೂ ನಡೆಸಬಹುದು, ಬೇಡವೆಂದರೆ ಅದೇ ಕೋಡನ್ನು ಸ್ವಂತ ಸರ್ವರಿಗೆ ತಂದು ಹಾಕಿಕೊಳ್ಳಬಹುದು.

‘ಹಾಗಾದರೆ ಆಫೀಸಿನಲ್ಲೇ ಒಂದು ಸರ್ವರ್ ಇಟ್ಟುಕೊಂಡರೆ ಆಯಿತಲ್ಲ’ ಎಂದು ಹಿರಿಯರೊಬ್ಬರು ಕಾರ್ಯಕ್ರಮಕ್ಕೆ ಮೊದಲು ನನ್ನನ್ನು ಕೇಳಿದರು. ಮಳೆಗಾಲವನ್ನು ನೆನೆಸಿಕೊಳ್ಳಿ. ಹುಲಿಕಲ್, ಯಡೂರು, ಆಗುಂಬೆಯ ಕಡೆ ಆಷಾಢದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆ ಎಂದು ಲೈನ್‌ಮನ್ನಿಗೂ ಹೇಳಲಾಗುವುದಿಲ್ಲ. ಗೋಡೆ ಬೆವರುತ್ತದೆ, ಕಡತಕ್ಕೆ ಬೂಷ್ಟು ಹಿಡಿಯುತ್ತದೆ. ಮುಂಗಾರಿಗೆ ಮೊದಲಿನ ಸಿಡಿಲಿಗೆ ಯುಪಿಎಸ್ ಸಮೇತ ಮದರ್‌ಬೋರ್ಡ್ ಸುಟ್ಟುಹೋಗುತ್ತದೆ. ಅಂಥ ಕಡೆ ಸದಸ್ಯರ ಲೆಕ್ಕವನ್ನು ಒಂದೇ ಪೆಟ್ಟಿಗೆಯಲ್ಲಿ ಇಡುವುದು ಅಪಾಯ. 2006ರಲ್ಲಿ ಅಮೆಜಾನ್ ಎಸ್3, ಇಸಿ2 ಸೇವೆಗಳನ್ನು ತೆರೆದ ಮೇಲೆ ಗಂಟೆಯ ಲೆಕ್ಕದಲ್ಲಿ ಯಂತ್ರ ಬಾಡಿಗೆಗೆ ಸಿಗುವಂತಾಯಿತು. 2016ರಲ್ಲಿ ಮುಂಬೈಯಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ಆ ಕಂಪನಿಯ ಕೇಂದ್ರಗಳು ಬಂದವು. ಹೊಸನಗರದ ಒಂದು ಚಿಕ್ಕ ಸಂಘ ದೊಡ್ಡ ಬ್ಯಾಂಕು ಬಳಸುವಂಥದ್ದೇ ಯಂತ್ರದ ಒಂದು ಮೂಲೆಯನ್ನು ಬಾಡಿಗೆಗೆ ಹಿಡಿಯಬಹುದು. ಇದು ದೊಡ್ಡ ಉಪಕಾರ, ಇದನ್ನು ಬಿಟ್ಟುಕೊಡಬಾರದು.

ಬಾಡಿಗೆಯಲ್ಲಿ ಬಗೆಬಗೆ ಇದೆ, ತೊಡಕು ಅಲ್ಲಿಂದ ಶುರುವಾಗುತ್ತದೆ. ಬರಿಯ ಯಂತ್ರವನ್ನು ಬಾಡಿಗೆಗೆ ಪಡೆದು ಲಿನಕ್ಸ್, ಪೋಸ್ಟ್‌ಗ್ರೆಸ್ ಡೇಟಾಬೇಸ್ ಹಾಕಿಕೊಂಡು ನಡೆಸಿದರೆ ನಾಳೆ ಯಾವ ಕಂಪನಿಗಾದರೂ ಹೋಗಬಹುದು. ಆದರೆ ಭದ್ರತೆಯ ತೇಪೆ ಹಾಕುವುದು, ಡಿಸ್ಕ್ ತುಂಬಿತೇ ಎಂದು ನೋಡುವುದು ನಮ್ಮ ತಲೆಗೇ ಬೀಳುತ್ತದೆ, ಮತ್ತು ಅದನ್ನು ಮಾಡುವವರು ನಮ್ಮಲ್ಲಿ ಇರುವುದಿಲ್ಲ. ಸ್ವಲ್ಪ ಮೇಲೆ ಹೋದರೆ ಹೆರೋಕು, ಗೂಗಲ್ ಆ್ಯಪ್ ಎಂಜಿನ್ ಬಗೆಯವು. ಕೋಡ್ ಕೊಟ್ಟರೆ ಸಾಕು, ಉಳಿದದ್ದು ಅವರದು. ಇನ್ನೂ ಮೇಲೆ ಹೋದರೆ ಲ್ಯಾಂಬ್ಡಾ, ಡೈನಮೋಡಿಬಿ, ಫೈರ್‌ಸ್ಟೋರ್‌ನಂಥ ಆಯಾ ಕಂಪನಿಯ ಸ್ವಂತ ಸೌಲಭ್ಯಗಳು. ಕೆಲಸ ಬೇಗ ಮುಗಿಯುತ್ತದೆ, ಬಿಲ್ಲೂ ಮೊದಮೊದಲು ಕಡಿಮೆ. ಆದರೆ ಕೋಡಿನ ಒಂದೊಂದು ಸಾಲಿನಲ್ಲೂ ಆ ಕಂಪನಿಯ ಹೆಸರು ಕೂತುಬಿಡುತ್ತದೆ. ತುದಿಯಲ್ಲಿರುವುದು ಕೋಡೇ ಬರೆಯದೆ ಎಳೆದು ಜೋಡಿಸಿ ಆ್ಯಪ್ ಮಾಡುವ ವೇದಿಕೆಗಳು. ಅಲ್ಲಿಂದ ಹೊರಡುವಾಗ ಮಾಹಿತಿ ಸಿಗಬಹುದು, ಆ್ಯಪ್ ಸಿಗುವುದಿಲ್ಲ.

ಇದರ ಕಥೆ 2009ರಲ್ಲೇ ನಡೆದುಹೋಗಿದೆ. ಅಮೆರಿಕದಲ್ಲಿ ಕಾಗ್‌ಹೆಡ್ ಎಂಬ ಇಂಥದೇ ವೇದಿಕೆ ಆ ವರ್ಷದ ಫೆಬ್ರವರಿಯಲ್ಲಿ ಮುಚ್ಚುತ್ತೇವೆ ಎಂದಿತು. ಗಿರಾಕಿಗಳಿಗೆ ಏಪ್ರಿಲ್ ಕೊನೆಯವರೆಗೆ ಗಡುವು. ತಮ್ಮ ಮಾಹಿತಿಯನ್ನು ಇಳಿಸಿಕೊಂಡು ಹೋಗಬಹುದಿತ್ತು, ಅದರ ಮೇಲೆ ಕಟ್ಟಿಕೊಂಡಿದ್ದ ಆ್ಯಪ್ ಬೇರೆಲ್ಲೂ ನಡೆಯುವಂಥದ್ದಾಗಿರಲಿಲ್ಲ. ಅದರ ಎದುರಿಗೆ, ಆ್ಯಪ್‌ಗಳಿಗೆ ಸರ್ವರ್ ಒದಗಿಸುತ್ತಿದ್ದ ಪಾರ್ಸ್ ಎಂಬ ಸೇವೆಯನ್ನು ಇಡುತ್ತೇನೆ. ಫೇಸ್‌ಬುಕ್ 2013ರಲ್ಲಿ ಅದನ್ನು ಕೊಂಡಿತು, 2016ರ ಜನವರಿಯಲ್ಲಿ ಮುಚ್ಚುವುದಾಗಿ ಘೋಷಿಸಿತು. ಆದರೆ ಒಂದು ವರ್ಷದ ಸಮಯ ಕೊಟ್ಟಿತು, ಡೇಟಾಬೇಸನ್ನು ಸಾಗಿಸುವ ಸಲಕರಣೆ ಕೊಟ್ಟಿತು, ಸರ್ವರಿನ ಕೋಡನ್ನು ಓಪನ್ ಸೋರ್ಸ್ ಮಾಡಿ ಬಿಟ್ಟುಕೊಟ್ಟಿತು. ಪಾರ್ಸ್ ಸರ್ವರನ್ನು ತಾವೇ ನಡೆಸಿಕೊಳ್ಳುವ ಜನ ಇಂದಿಗೂ ಇದ್ದಾರೆ. ಎರಡೂ ಸೇವೆಗಳು ಬಾಗಿಲು ಹಾಕಿದವು, ಒಂದರ ಗಿರಾಕಿ ಬೀದಿಗೆ ಬಿದ್ದ, ಇನ್ನೊಂದರ ಗಿರಾಕಿ ಸಾಮಾನು ಹೊತ್ತುಕೊಂಡು ಬೇರೆ ಮನೆಗೆ ಹೋದ.

ಎಲ್ಲವನ್ನೂ ಒಂದೇ ಖಾತೆಯಲ್ಲಿ ಇಡುವುದು ಇನ್ನೊಂದು ಬಗೆಯ ಅಪಾಯ. 2014ರ ಜೂನಿನಲ್ಲಿ ಕೋಡ್ ಸ್ಪೇಸಸ್ ಎಂಬ ಕಂಪನಿಯ ಅಮೆಜಾನ್ ಖಾತೆಗೆ ಕಳ್ಳನೊಬ್ಬ ನುಗ್ಗಿದ. ಸುಲಿಗೆಗೆ ಬಗ್ಗಲಿಲ್ಲವೆಂದು ಯಂತ್ರಗಳನ್ನೂ ಬ್ಯಾಕಪ್ಪುಗಳನ್ನೂ ಅಳಿಸಿದ. ಬೇರೆಯವರ ಕೋಡನ್ನು ಕಾಪಾಡಿಕೊಡುವುದೇ ವ್ಯಾಪಾರವಾಗಿದ್ದ ಆ ಕಂಪನಿ ಅಲ್ಲಿಗೆ ಮುಗಿಯಿತು. ಹತ್ತು ವರ್ಷದ ಮೇಲೆ, 2024ರ ಮೇ ತಿಂಗಳಲ್ಲಿ, ಆಸ್ಟ್ರೇಲಿಯಾದ ಪಿಂಚಣಿ ನಿಧಿ ಯೂನಿಸೂಪರ್ ಗೂಗಲ್ ಕ್ಲೌಡಿನಲ್ಲಿ ನಡೆಸುತ್ತಿದ್ದ ವ್ಯವಸ್ಥೆ ಗೂಗಲ್ಲಿನದೇ ಒಂದು ತಪ್ಪಿನಿಂದ ಅಳಿಸಿಹೋಯಿತು. ಆರು ಲಕ್ಷಕ್ಕೂ ಮಿಕ್ಕಿದ ಸದಸ್ಯರಿದ್ದ ನಿಧಿ ಅದು. ಅವರು ಬೇರೆ ಕಂಪನಿಯ ಬಳಿಯೂ ಬ್ಯಾಕಪ್ ಇಟ್ಟಿದ್ದರು, ಮತ್ತೆ ಕಟ್ಟಿಕೊಂಡರು. ದೊಡ್ಡವರನ್ನು ನಂಬಬಹುದು, ನಂಬಿಯೂ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡಬೇಕು.

ನಮ್ಮ ದೇಶದ ಎರಡು ಘಟನೆಗಳು ಇದಕ್ಕಿಂತ ಹತ್ತಿರದವು. 2025ರ ಜುಲೈನಲ್ಲಿ ಯುರೋಪಿಯನ್ ಒಕ್ಕೂಟದ ನಿರ್ಬಂಧದ ಬೆನ್ನಿಗೇ ಮೈಕ್ರೋಸಾಫ್ಟ್ ಗುಜರಾತಿನ ನಯಾರಾ ಎನರ್ಜಿ ಕಂಪನಿಗೆ ಸೇವೆ ನಿಲ್ಲಿಸಿತು. ಪೂರ್ತಿ ಹಣ ತೆತ್ತಿದ್ದ ಪರವಾನಗಿಗಳಿದ್ದರೂ ಇಮೇಲ್ ಕೂಡ ತೆರೆಯದಾಯಿತು. ನಯಾರಾ ದೆಹಲಿ ಹೈಕೋರ್ಟಿಗೆ ಹೋಯಿತು, ಅಷ್ಟರಲ್ಲಿ ಸೇವೆ ಮರಳಿತು. ಅಂಥ ದೊಡ್ಡ ತೈಲ ಸಂಸ್ಥೆಗೆ ವಕೀಲರಿದ್ದಾರೆ. ಬಾಗಿಲು ಹಾಕಿದ ಮರುದಿನ ತೀರ್ಥಹಳ್ಳಿಯ ಸಂಘವೊಂದು ಯಾವ ಕೋರ್ಟಿಗೆ ಹೋಗಬೇಕು? ಇನ್ನೊಂದು 2024ರ ಜುಲೈ 31ರದು. ಸಹಕಾರಿ ಹಾಗೂ ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಕಂಪನಿಯ ಮೇಲೆ ರಾನ್ಸಮ್‌ವೇರ್ ದಾಳಿಯಾಯಿತು. ಸೋಂಕು ಹರಡಬಾರದೆಂದು ಪಾವತಿ ವ್ಯವಸ್ಥೆಗಳನ್ನು ನಡೆಸುವ ಎನ್‌ಪಿಸಿಐ ಆ ಕಂಪನಿಯ ಜಾಲವನ್ನು ಪ್ರತ್ಯೇಕಿಸಿತು, ದೇಶದ ಸುಮಾರು 300 ಚಿಕ್ಕ ಬ್ಯಾಂಕುಗಳ ಪಾವತಿ ನಿಂತುಹೋಯಿತು. ಮರುದಿನ ಸರಿಹೋಯಿತು ಎನ್ನಿ. ನೂರಾರು ಚಿಕ್ಕ ಸಂಸ್ಥೆಗಳು ಒಬ್ಬರನ್ನೇ ಆತುಕೊಂಡಿರುವುದು ಅನಿವಾರ್ಯವೇ ಇರಬಹುದು. ಆದರೂ ಆತುಕೊಂಡಿದ್ದೇವೆ ಎಂಬುದು ಆಡಳಿತ ಮಂಡಳಿಗೆ ತಿಳಿದಿರಬೇಕಲ್ಲವೇ?

ಪುಸ್ತಕ ಪ್ರಪಂಚದವರು ಇಲ್ಲಿ ಬಹಳ ಮಂದಿ ಇದ್ದೀರಿ. ಪ್ರಕಾಶನಕ್ಕೂ ರಂಗಭೂಮಿಗೂ ಹೆಸರಾದ ಹೆಗ್ಗೋಡು ಪಕ್ಕದಲ್ಲೇ ಇದೆ. ಕೋಡು, ಕ್ಲೌಡು ನಮಗೇಕೆ ಎನ್ನುವ ನಿಮಗೆ ಈ ವಿಷಯ ನನಗಿಂತ ಮೊದಲೇ ಗೊತ್ತು, ಬೇರೆ ಹೆಸರಿನಲ್ಲಿ. ತೊಂಬತ್ತರ ದಶಕದಲ್ಲಿ ಡಿಟಿಪಿ ಬಂದಾಗ ಶ್ರೀಲಿಪಿ, ಆಕೃತಿ, ಪ್ರಕಾಶಕ, ಬರಹ ಎಂದು ಒಂದೊಂದು ಪ್ರೆಸ್ಸಿನವರು ಒಂದೊಂದನ್ನು ಹಿಡಿದರು. ‘ಕ’ ಅಕ್ಷರಕ್ಕೆ ಒಂದರಲ್ಲಿ ಒಂದು ಸಂಖ್ಯೆ, ಇನ್ನೊಂದರಲ್ಲಿ ಇನ್ನೊಂದು. ಕಡತವನ್ನು ಬೇರೆ ಕಂಪ್ಯೂಟರಿಗೆ ಒಯ್ದರೆ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಯುನಿಕೋಡಿನ ಮೊದಲ ಆವೃತ್ತಿಯಲ್ಲೇ, ಅಂದರೆ 1991ರಲ್ಲೇ, ಕನ್ನಡಕ್ಕೆ ಜಾಗವಿತ್ತು. ಅದು ನಮ್ಮ ಟೇಬಲ್ಲಿನ ಮೇಲೆ ಬರುವುದಕ್ಕೆ ಬಹಳ ಕಾಲ ಹಿಡಿಯಿತು. ಆ ನಡುವೆ ಬಂದ ಸಾವಿರಾರು ಪುಸ್ತಕಗಳು ಪೇಜ್‌ಮೇಕರ್ ಕಡತಗಳಲ್ಲಿ ಉಳಿದವು. ಪೇಜ್‌ಮೇಕರ್ 7ರ ನಂತರ ಹೊಸ ಆವೃತ್ತಿಯೇ ಬರಲಿಲ್ಲ. ಆ ಪುಸ್ತಕವನ್ನು ಮರುಮುದ್ರಣ ಮಾಡಬೇಕೆಂದರೆ ಮೊದಲಿನಿಂದ ಟೈಪ್ ಮಾಡಿಸಬೇಕು, ಕರಡು ತಿದ್ದಬೇಕು. ಹಸ್ತಪ್ರತಿ ನಿಮ್ಮದು, ಹಕ್ಕು ನಿಮ್ಮದು, ಕಡತವೂ ನಿಮ್ಮ ಕೈಯಲ್ಲೇ ಇದೆ, ಆದರೂ ಓದಲಾಗದು. ಒಡೆತನ ಒಂದೇ ಇದ್ದರೆ ಸಾಲದು, ಸಾಗಿಸುವುದಕ್ಕೂ ಬರಬೇಕು ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಇದೇ ತೀರ್ಥಹಳ್ಳಿ ಸೀಮೆಯ ಕುಪ್ಪಳಿ ಮನೆತನದ ಪೂರ್ಣಚಂದ್ರ ತೇಜಸ್ವಿಯವರು ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಬಗ್ಗೆ ಅಷ್ಟೊಂದು ತಲೆಕೆಡಿಸಿಕೊಂಡಿದ್ದರು. ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸ ಯಾವೊಂದು ಕಂಪನಿಯ ಸ್ವತ್ತಾಗಿ ಕೂರದೆ ಎಲ್ಲರದ್ದಾಯಿತು. ತಂತ್ರಾಂಶಗಳು ಬದಲಾದರೂ ಬೆರಳಿನ ಅಭ್ಯಾಸ ಬದಲಿಸದೆ ನಾವಿಂದು ಟೈಪ್ ಮಾಡುತ್ತಿರುವುದು ಅದರಿಂದ.

ಈಗ ನನ್ನ ಕಸುಬಿನ ಒಳಮನೆಗೆ ಬರುತ್ತೇನೆ. ಬ್ಯಾಕಪ್ ಇದೆ ಎನ್ನುವವರನ್ನು ನಾನು ನಂಬುವುದಿಲ್ಲ, ಅದನ್ನು ತೆರೆದು ನೋಡಿದ್ದೇವೆ ಎನ್ನುವವರನ್ನು ನಂಬುತ್ತೇನೆ. ವರ್ಷಕ್ಕೊಮ್ಮೆ, ಅಡಿಕೆ ಆವಕ ಕಡಿಮೆಯಿರುವ ದಿನಗಳಲ್ಲಿ, ಒಂದು ಕೆಲಸ ಮಾಡಿ. ಬೇರೊಂದು ಕಂಪನಿಯಲ್ಲಿ ಒಂದು ದಿನದ ಮಟ್ಟಿಗೆ ಯಂತ್ರ ಬಾಡಿಗೆಗೆ ಹಿಡಿಯಿರಿ. ನಿಮ್ಮ ಬಳಿಯಿರುವ ಕೋಡ್, ನಿಮ್ಮ ಬಳಿಯಿರುವ ಬ್ಯಾಕಪ್ ಇವೆರಡರಿಂದಲೇ ಇಡೀ ಆ್ಯಪನ್ನು ಎಬ್ಬಿಸಿ. ಯಾವುದಾದರೂ ಸದಸ್ಯರ ಖಾತೆಯ ಪುಟವನ್ನು ಹೊಸ ಯಂತ್ರದಿಂದ ಮುದ್ರಿಸಿ, ಹಳೆಯದರ ಪಕ್ಕದಲ್ಲಿ ಇಟ್ಟು ಸಾಲು ಸಾಲಾಗಿ ತಾಳೆ ನೋಡಿ.

ಏನೇನು ಹೊರಬರುತ್ತದೆ ಕೇಳಿ. ಸದಸ್ಯರ ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಬರಬಹುದು. ಯುಟಿಎಫ್-8ರಲ್ಲಿ ಕನ್ನಡದ ಒಂದು ಅಕ್ಷರಕ್ಕೆ ಕಡಿಮೆಯೆಂದರೂ 3 ಬೈಟ್ ಬೇಕು. ಹೊಸ ಡೇಟಾಬೇಸಿನ ಕಾಲಮ್ಮು ಲ್ಯಾಟಿನ್ ಅಕ್ಷರಕ್ಕೆಂದೇ ಹೊಂದಿಸಿದ್ದಾಗಿದ್ದರೆ ‘ಗಿರಿಜಮ್ಮ’ ಎಂಬ ಹೆಸರು ಪ್ರಶ್ನೆಗಳ ಸಾಲಾಗುತ್ತದೆ. ಹಾಗೆ ಒಮ್ಮೆ ಬರೆದುಹೋದ ಮೇಲೆ ಆ ಪ್ರತಿಯಿಂದ ಹೆಸರನ್ನು ವಾಪಸು ಪಡೆಯಲಾಗದು. ರಸೀದಿಯ ಸ್ಕ್ಯಾನ್ ತೆರೆದರೆ ಖಾಲಿ ಚೌಕ ಬರಬಹುದು, ಏಕೆಂದರೆ ಡೇಟಾಬೇಸಿನಲ್ಲಿರುವುದು ಹಳೆಯ ಕಂಪನಿಯ ಉಗ್ರಾಣದ ವಿಳಾಸ ಮಾತ್ರ, ಚಿತ್ರವನ್ನು ಯಾರೂ ಇಳಿಸಿಕೊಂಡೇ ಇಲ್ಲ. ಲಾಗಿನ್ ಪುಟ ಬರುತ್ತದೆ, ಓಟಿಪಿ ಬರುವುದಿಲ್ಲ, ಎಸ್ಸೆಮ್ಮೆಸ್ ಕಳಿಸುವ ಖಾತೆಯ ಕೀಲಿ ಡೆವಲಪರನ ಬಳಿ ಇರುತ್ತದೆ. ತಾರೀಖು 3ನೇ ತಿಂಗಳ 4 ಇದ್ದದ್ದು 4ನೇ ತಿಂಗಳ 3 ಆಗಿ, ಬಡ್ಡಿಯ ಲೆಕ್ಕ ಪೂರಾ ಏರುಪೇರಾಗಬಹುದು. ಇವೆಲ್ಲ ನೆಮ್ಮದಿಯ ದಿನದಲ್ಲಿ ಗೊತ್ತಾದರೆ ಮಧ್ಯಾಹ್ನದ ಊಟದೊಳಗೆ ಸರಿಪಡಿಸಬಹುದು. ಸರ್ವರ್ ಬಿದ್ದ ದಿನ, ಸದಸ್ಯರು ಕೌಂಟರಿನ ಮುಂದೆ ನಿಂತಾಗ ಗೊತ್ತಾದರೆ ಸಂಘದ ಮರ್ಯಾದೆ ಹೋಗುತ್ತದೆ.

ಹಾಗೆಂದು ಎಲ್ಲವನ್ನೂ ಎಲ್ಲಿಗೆ ಬೇಕಾದರೂ ಸಾಗಿಸುವಂತೆ ಕಟ್ಟಿ ಎಂದು ನಾನು ಹೇಳುವುದಿಲ್ಲ. ಪೋರ್ಟಬಿಲಿಟಿಗೂ ಬೆಲೆಯಿದೆ. 2014ರಲ್ಲಿ ಗೂಗಲ್, ಆ್ಯಪ್‌ಗಳನ್ನು ಯಾವ ಯಂತ್ರಗಳ ಮೇಲಾದರೂ ನಡೆಸಿಕೊಡುವ ಕುಬರ್ನೆಟೀಸ್ ಎಂಬ ಸಾಫ್ಟ್‌ವೇರನ್ನು ಓಪನ್ ಸೋರ್ಸ್ ಮಾಡಿದ ಮೇಲೆ ಅದೊಂದಿದ್ದರೆ ಯಾವ ಕ್ಲೌಡಿಗೂ ಹಾರಬಹುದು ಎಂಬ ಮಾತು ಹಬ್ಬಿದೆ. ಮಾತು ನಿಜವೇ. ಆದರೆ ಅದನ್ನು ನಡೆಸಲು ಬಲ್ಲ ಎಂಜಿನಿಯರಿನ ಸಂಬಳದಲ್ಲಿ ಒಂದು ಸಣ್ಣ ಸಂಘದ ಇಡೀ ಸಿಬ್ಬಂದಿಯ ಸಂಬಳ ಕೊಡಬಹುದು. ಎರಡು ಕ್ಲೌಡಿನಲ್ಲಿ ಏಕಕಾಲಕ್ಕೆ ನಡೆಸಿ ಎಂದು ಸಲಹೆ ಕೊಡುವವರೂ ಇದ್ದಾರೆ. ನಮಗೆ ಅದು ಖಂಡಿತ ಬೇಡ. ಮಾಹಿತಿ ಹೊರಗೆ ಸಾಗಿಸಲು ಕಂಪನಿಗಳು ಶುಲ್ಕ ಹಾಕುತ್ತವೆ ಎಂದು ಹೆದರಿಸುತ್ತಾರೆ, ನಮ್ಮಂಥವರ ಮಟ್ಟಿಗೆ ಆ ಹೆದರಿಕೆಯಲ್ಲಿ ಹುರುಳಿಲ್ಲ. ಅಮೆಜಾನ್ ತಿಂಗಳಿಗೆ 100 ಜಿಬಿಯವರೆಗೆ ಹೊರಗೆ ಕಳಿಸಲು ಏನೂ ಕೇಳುವುದಿಲ್ಲ, ಅಡಿಕೆ ಸಂಘವೊಂದರ ಇಡೀ ಚರಿತ್ರೆ ಪೆನ್‌ಡ್ರೈವಿನಲ್ಲಿ ಹಿಡಿಸುತ್ತದೆ. ನಮ್ಮನ್ನು ಕಟ್ಟಿಹಾಕುವುದು ಬೇರೆ: ಗೊತ್ತಿದ್ದ ಒಬ್ಬನೇ ವ್ಯಕ್ತಿ, ಅವನ ಪಾಸ್‌ವರ್ಡು, ಬರೆದಿಡದ ನಿಯಮಗಳು.

ನನ್ನ ತಕ್ಕಡಿ ಹೀಗೆ ತೂಗುತ್ತದೆ. ಡೊಮೇನ್ ಎಲ್ಲಕ್ಕಿಂತ ಮೊದಲು, ಏಕೆಂದರೆ ಸರ್ವರ್ ಬದಲಿಸಿದ್ದು ಸದಸ್ಯರಿಗೆ ಗೊತ್ತಾಗದಂತೆ ಮಾಡುವುದು ಅದೊಂದೇ. ಅದು ಡೆವಲಪರನ ಸ್ವಂತ ಹೆಸರಿನಲ್ಲಿದ್ದರೆ ಈ ವಾರವೇ ಸಂಘದ ಹೆಸರಿಗೆ ಮಾಡಿಸಿಕೊಳ್ಳಿ. ಬ್ಯಾಂಕುಗಳು ಮಾತ್ರ ಪಡೆಯಬಹುದಾದ ಡಾಟ್ ಬ್ಯಾಂಕ್ ಡಾಟ್ ಇನ್ ಡೊಮೇನಿಗೆ 2025ರ ಅಕ್ಟೋಬರ್ 31ರೊಳಗೆ ಬನ್ನಿ ಎಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿದ್ದು ಹೆಸರಿನ ಮಹತ್ವ ಗೊತ್ತಿದ್ದೇ. ಅದಾದ ಮೇಲೆ ಮಾಹಿತಿ, ಆಮೇಲೆ ಕೋಡ್. ನಡೆಸುವ ಯಂತ್ರ ಯಾವುದು ಎಂಬುದು ಎಲ್ಲಕ್ಕಿಂತ ಕೊನೆ. ಸದಸ್ಯರ ಖಾತೆ, ಮುಂಗಡ, ಷೇರುಗಳಂಥ ಮೂಲ ಲೆಕ್ಕವನ್ನು ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್‌ನಂಥ ಎಲ್ಲೆಡೆ ಸಿಗುವ ಡೇಟಾಬೇಸಿನಲ್ಲೇ ಇಡಿ. ಅದನ್ನು ನೋಡಿಕೊಳ್ಳುವ ಕೆಲಸವನ್ನು ಕ್ಲೌಡ್ ಕಂಪನಿಗೇ ವಹಿಸಿ ಬಾಡಿಗೆ ಕೊಡಿ, ತಪ್ಪಿಲ್ಲ. ಇನ್ನು ಸಂದೇಶ ಕಳಿಸುವುದು, ಚಿತ್ರ ಚಿಕ್ಕದು ಮಾಡುವುದು, ವಾರ್ಷಿಕೋತ್ಸವಕ್ಕೆ ಹೆಸರು ನೋಂದಾಯಿಸುವ ಫಾರ್ಮು ಇಂಥವನ್ನು ಯಾವ ಕಂಪನಿಯ ಯಾವ ಸೌಲಭ್ಯದಲ್ಲಿ ಬೇಕಾದರೂ ಮಾಡಿಕೊಳ್ಳಿ. ನಾಳೆ ಹೋದರೆ ಇನ್ನೊಂದು ಮಾಡಬಹುದು. ಹೆರೋಕು 2022ರ ನವೆಂಬರ್ 28ರಿಂದ ಪುಕ್ಕಟೆ ಸೇವೆಯನ್ನು ನಿಲ್ಲಿಸಿದಾಗ ನೆಮ್ಮದಿಯಾಗಿ ಹೊರಟವರು ಹೀಗೆ ಸಾಮಾನ್ಯ ಸಲಕರಣೆಗಳಲ್ಲಿ ಕಟ್ಟಿಕೊಂಡಿದ್ದವರೇ. ಅಲ್ಲಿನ ಡೇಟಾಬೇಸ್ ಪೋಸ್ಟ್‌ಗ್ರೆಸ್ ಆಗಿತ್ತು, ಎತ್ತಿ ಬೇರೆಡೆ ಇಟ್ಟರಾಯಿತು.

ಪ್ರಾಥಮಿಕ ಕೃಷಿ ಪತ್ತಿನ ಸಂಘಗಳವರು ‘ನಮ್ಮದು ಸರ್ಕಾರದ ಸಾಫ್ಟ್‌ವೇರ್, ನಮಗೆ ಈ ಚಿಂತೆ ಇಲ್ಲ’ ಎನ್ನಬಹುದು. 2022ರ ಜೂನ್ 29ರಂದು ಕೇಂದ್ರ ಸಂಪುಟ 63,000 ಸಂಘಗಳನ್ನು 2,516 ಕೋಟಿ ರೂಪಾಯಿ ವೆಚ್ಚದಲ್ಲಿ ಗಣಕೀಕರಿಸುವ ಯೋಜನೆಯನ್ನು ಒಪ್ಪಿತು. ದೇಶಕ್ಕೆಲ್ಲ ಒಂದೇ ಸಾಫ್ಟ್‌ವೇರ್, ಕ್ಲೌಡಿನಲ್ಲಿ, ನಬಾರ್ಡ್ ಉಸ್ತುವಾರಿಯಲ್ಲಿ. ನಾನು ಇದನ್ನು ಮನಸಾರೆ ಸ್ವಾಗತಿಸುತ್ತೇನೆ. ಒಂದೊಂದು ಸಂಘ ಒಂದೊಂದು ಸಾಫ್ಟ್‌ವೇರ್ ಮಾಡಿಸಿ ಕೈಸುಟ್ಟುಕೊಳ್ಳುವುದು ತಪ್ಪುತ್ತದೆ. ಅಲ್ಲಿ ಕೋಡಿನ ಒಡೆತನವನ್ನು ಸಂಘ ಕೇಳಬೇಕಾಗಿಲ್ಲ. ತನ್ನ ಮಾಹಿತಿಯ ಪೂರ್ಣ ಪ್ರತಿಯನ್ನು, ಬೇರೆ ಸಾಫ್ಟ್‌ವೇರ್ ಓದಬಲ್ಲ ರೂಪದಲ್ಲಿ, ತಿಂಗಳಿಗೊಮ್ಮೆ ತಾನೇ ಇಳಿಸಿಕೊಳ್ಳುವ ಅವಕಾಶವನ್ನು ಮಾತ್ರ ಬಿಡಬಾರದು. ವರದಿಯ ಪಿಡಿಎಫ್ ಕೊಟ್ಟರೆ ಅದು ಪ್ರತಿಯಾಗುವುದಿಲ್ಲ. ಪಿಡಿಎಫ್‌ನಿಂದ ಲೆಡ್ಜರನ್ನು ಮತ್ತೆ ಕಟ್ಟುವ ಕಷ್ಟ ಮಾಡಿದವರಿಗೇ ಗೊತ್ತು.

ಕಾನೂನು ನಮ್ಮ ಬೆನ್ನಿಗಿದೆಯೇ ಎಂದರೆ, ಇಲ್ಲ. ಯುರೋಪಿನಲ್ಲಿ 2025ರ ಸೆಪ್ಟೆಂಬರ್ 12ರಿಂದ ಡೇಟಾ ಆ್ಯಕ್ಟ್ ಅನ್ವಯವಾಗಿದೆ. ಗಿರಾಕಿ ಕ್ಲೌಡ್ ಬದಲಿಸಲು ಕಂಪನಿ ಅಡ್ಡಿಮಾಡುವಂತಿಲ್ಲ, 2027ರ ಜನವರಿ 12ರಿಂದ ಬದಲಾವಣೆಗೆ ಶುಲ್ಕವನ್ನೇ ಹಾಕುವಂತಿಲ್ಲ. ನಮ್ಮಲ್ಲಿ 2019ರ ವೈಯಕ್ತಿಕ ಮಾಹಿತಿ ಸಂರಕ್ಷಣಾ ಮಸೂದೆಯಲ್ಲಿ ಮಾಹಿತಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿಕೊಳ್ಳುವ ಹಕ್ಕು ಇತ್ತು. 2023ರಲ್ಲಿ ಕಾಯ್ದೆಯಾಗುವಾಗ ಅದು ಕೈಬಿಟ್ಟುಹೋಗಿದೆ. ಅದನ್ನು ಮರಳಿ ತರಬೇಕು ಎಂದು ಕೇಳುವ ಹಕ್ಕು, ಕೊಳಗದ ಅಳತೆಯನ್ನು ಪ್ರಶ್ನಿಸಿದ ಈ ಸೀಮೆಗೆ ಇದೆ ಎಂದು ನಾನು ನಂಬಿದ್ದೇನೆ.

ಕಾನೂನು ಬರುವ ತನಕ ಕರಾರೇ ನಮ್ಮ ಕಾನೂನು. ಅದರಲ್ಲಿ ಇರಲೇಬೇಕಾದವನ್ನು ಹೇಳಿಬಿಡುತ್ತೇನೆ. ಸಂಘಕ್ಕೆಂದು ಬರೆದ ಕೋಡಿನ ಕೃತಿಸ್ವಾಮ್ಯವನ್ನು ಪೂರ್ಣ ಅವಧಿಗೆ ಸಂಘಕ್ಕೆ ವರ್ಗಾಯಿಸಿದೆ ಎಂಬ ಸಾಲು, ಅವಧಿಯನ್ನು ಹೆಸರಿಸಿಯೇ. ಪ್ರತಿ ಬದಲಾವಣೆಯ ನಂತರ ಕೋಡ್ ಸಂಘದ ಖಾತೆಗೆ ಬರಬೇಕು, ಆಮೇಲೆ ಬಿಲ್ ಪಾಸು. ಡೊಮೇನ್, ಕ್ಲೌಡ್, ಎಸ್ಸೆಮ್ಮೆಸ್ ಖಾತೆಗಳು ಸಂಘದ ಇಮೇಲಿನಲ್ಲಿ, ಓಟಿಪಿ ಸಂಘದ ಫೋನಿಗೆ. ಡೆವಲಪರನಿಗೆ ಕೆಲಸಕ್ಕೆ ಬೇಕಾದಷ್ಟು ಪ್ರವೇಶ ಮಾತ್ರ. ಸೇವೆ ಮುಗಿದಾಗ ಹೊಸಬರಿಗೆ ವಿವರಿಸಿ ಒಪ್ಪಿಸಿಕೊಡಲು ನಿಗದಿಯಾದ ದಿನಗಳು, ಆ ದಿನಗಳಿಗೆ ನಿಗದಿಯಾದ ಹಣ. ಈ ಕೊನೆಯದನ್ನು ಜಿಪುಣತನದಿಂದ ಬಿಡಬೇಡಿ, ಹೊರಟುಹೋಗುವವನಿಗೂ ಹೊಟ್ಟೆಯಿದೆ.

ಸಂಘಗಳ ವಾರ್ಷಿಕ ಮಹಾಸಭೆಗಳು ಸೆಪ್ಟೆಂಬರಿನಲ್ಲಿ ಬರುತ್ತವೆ. ಲೆಕ್ಕಪರಿಶೋಧನಾ ವರದಿಯಲ್ಲಿ ಕಟ್ಟಡ, ಪೀಠೋಪಕರಣ, ತೂಕದ ಯಂತ್ರ ಎಲ್ಲದರ ಪಟ್ಟಿ ಇರುತ್ತದೆ. ಸಾಫ್ಟ್‌ವೇರ್ ಯಾರ ಹೆಸರಿನಲ್ಲಿದೆ, ಬ್ಯಾಕಪ್ಪನ್ನು ಕೊನೆಯದಾಗಿ ಯಾವ ತಾರೀಖು ತೆರೆದು ನೋಡಲಾಯಿತು ಎಂಬ ಎರಡು ಸಾಲನ್ನು ಅದಕ್ಕೆ ಸೇರಿಸಿ ಎಂದು ಯಾವುದೇ ಸದಸ್ಯರು ಎದ್ದು ಕೇಳಬಹುದು. ಈಗ ಹೇಳಿದ ಕರಾರಿನ ಕರಡನ್ನು ಕನ್ನಡದಲ್ಲೇ ಬರೆದು ತಂದಿದ್ದೇನೆ, ಪ್ರತಿಗಳು ಬಾಗಿಲ ಬಳಿಯ ಮೇಜಿನ ಮೇಲಿವೆ. ನಿಮ್ಮ ವಕೀಲರಿಗೆ ತೋರಿಸಿ ತಿದ್ದಿಕೊಳ್ಳಿ. ಇನ್ನು ಪ್ರಶ್ನೆಗಳಿದ್ದರೆ ಕೇಳಿ, ಸಮಯವಿದೆ.